ಸೋಮವಾರದ ಹಸಿವು

ಹಸಿವಾದಾಗ ಒಂದು ಜೀವಕೋಶ ಏನು ಮಾಡುತ್ತದೆ ಎಂದು ನನಗೆ ಹೇಳಿಕೊಟ್ಟವಳು ಶಿವಾನಿ. ಫೆಬ್ರವರಿಯ ಒಂದು ಮಧ್ಯಾಹ್ನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಏಳು ನಿಮಿಷದ ವಾಯ್ಸ್ ಮೆಸೇಜು ಕಳಿಸಿದ್ದಳು. ಅದರಲ್ಲಿ ನಾನು ಕೇಳಿದ್ದು ಸುಮಾರು ಮೂರೂವರೆ ನಿಮಿಷ. ಆ ಮೂರೂವರೆ ನಿಮಿಷವನ್ನು ಐವತ್ತು ಸಲ ಕೇಳಿರಬಹುದು. ಉಳಿದದ್ದನ್ನು ಕೇಳಲಿಲ್ಲ.

ನಾನು ಚಾಮರಾಜನಗರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಊರು ಉಮ್ಮತ್ತೂರು. ಶಿವಾನಿ ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನವಳು. ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬಂದು ಡಿಗ್ರಿ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಾಳೆ. ಎರಡು ವರ್ಷದ ಹಿಂದೆ ಅವಳಿದ್ದ ಬಸ್ಸು ತೆರಕಣಾಂಬಿಯ ಹತ್ತಿರ ಕೆಟ್ಟು ನಿಂತಿತ್ತು. ನಾನು ಟೂಲ್ ಬಾಕ್ಸ್ ಹಿಡಿದುಕೊಂಡು ಹೋದೆ. ಎಲ್ಲರೂ ಬೈದುಕೊಂಡು ಹಿಂದಿನ ಬಸ್ಸು ಹತ್ತಿದರು. ಇವಳೊಬ್ಬಳು ಹತ್ತಲಿಲ್ಲ. ನಾನು ಬಸ್ಸಿನಡಿಯಿಂದ ಈಚೆ ಬಂದಾಗ ಬಗ್ಗಿ ನೋಡುತ್ತ ನಿಂತಿದ್ದಳು.

"ಏನು ಹೋಗಿದೆ?" ಎಂದಳು.

"ಕ್ಲಚ್ ಪ್ಲೇಟು."

"ತೋರಿಸಿ."

ಕೆಟ್ಟುಹೋದ ಪ್ಲೇಟನ್ನು ತೋರಿಸಿ ಎಂದು ಕೇಳಿದ ಪ್ಯಾಸೆಂಜರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಅವರ ಮನೆಯವರು ಲಿಂಗ ಕಟ್ಟಿದವರು, ಅರಿಸಿನ ಬೆಳೆಯುವವರು. ನಮ್ಮ ಬೀದಿ ಉಮ್ಮತ್ತೂರಿನ ಯಾವ ಕಡೆಗಿದೆ ಎಂದು ಹೇಳಿದರೆ ಸಾಕು, ಉಳಿದದ್ದು ಈ ಸೀಮೆಯಲ್ಲಿ ಯಾರಿಗಾದರೂ ಗೊತ್ತಾಗುತ್ತದೆ. ಎರಡು ವರ್ಷ ನಾವು ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕಾಫಿ ಕುಡಿದೆವು, ಸೋಮವಾರಗಳನ್ನು ಬಿಟ್ಟು. ಸೋಮವಾರ ಅವಳು ಸಂಜೆಯವರೆಗೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಅವಳ ಅಜ್ಜಿ ಪುಟ್ಟಮಲ್ಲಮ್ಮ ಹಿಡಿಸಿದ್ದ ವ್ರತ. "ನಂಬಿಕೆ ಇದೆಯಾ?" ಎಂದು ಒಮ್ಮೆ ಕೇಳಿದ್ದೆ. "ಅಜ್ಜಿ ಮೇಲಿದೆ" ಎಂದಿದ್ದಳು.

ಡಿಸೆಂಬರಿನಲ್ಲಿ ನಾನು ಕೇಳಿಯೇಬಿಟ್ಟೆ. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯ ನೋಟೀಸು ಕೊಡೋಣವೇ ಎಂದು. ಅವಳು ಲೋಟದ ಅಂಚನ್ನು ಬೆರಳಿನಿಂದ ಸುತ್ತುತ್ತ ಕೂತಳು. ಬಾಯಿ ತೆರೆಯುವಷ್ಟರಲ್ಲಿ ನನಗೆ ಕೆಮ್ಮು ಬಂತು. ಅದು ಹೋಗಲೇ ಇಲ್ಲ. ಜನವರಿಯಲ್ಲಿ ಕರವಸ್ತ್ರದಲ್ಲಿ ರಕ್ತ ಕಂಡಿತು. ಟಿಬಿ ಎಂದರು. ಆರು ತಿಂಗಳ ಮಾತ್ರೆ, ಮೊದಲ ಎರಡು ತಿಂಗಳು ರಜೆ.

"ಮೊದ್ಲು ಹುಷಾರಾಗು. ಆಮೇಲೆ ಮಾತಾಡಣ" ಎಂದಳು ಶಿವಾನಿ, ಫೋನಿನಲ್ಲಿ.

ಆ 'ಆಮೇಲೆ'ಯನ್ನು ಇಟ್ಟುಕೊಂಡು ನಾನು ಊರಿಗೆ ಬಂದೆ. ಎರಡು ತಿಂಗಳಿಗೆ ಕಫದ ಪರೀಕ್ಷೆ ಮತ್ತೆ ಮಾಡುತ್ತಾರೆ. ಅದರಲ್ಲಿ ಏನೂ ಇಲ್ಲ ಎಂದು ಬಂದರೆ 'ಆಮೇಲೆ' ಶುರುವಾಗುತ್ತದೆ ಎಂದು ಲೆಕ್ಕ ಹಾಕಿದೆ. ಅವಳು ಉಮ್ಮತ್ತೂರಿಗೆ ಬರುವುದಿಲ್ಲ ಎನ್ನುವುದಕ್ಕೆ ಈಗ ಕಾಯಿಲೆಯೊಂದು ನೆಪವಾಗಿತ್ತು. ನಾನೇ ಬರಬೇಡ ಎಂದಿದ್ದೆ. ಕಾಯಿಲೆ ಇಲ್ಲದಿದ್ದರೂ ಅವಳು ಬರುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಕಾಯಿಲೆಯ ಹೆಸರಿನಲ್ಲಿ ಹೇಳಿಕೊಳ್ಳುವುದು ಹಗುರವಾಗಿತ್ತು.

ದಿನಾ ಒಂದು ಗಂಟೆ ಹತ್ತು ನಿಮಿಷಕ್ಕೆ ಅವಳ ಮೆಸೇಜು ಬರುತ್ತಿತ್ತು. ನಾನು ಹನ್ನೆರಡಕ್ಕೇ ಹಿತ್ತಿಲ ಕಲ್ಲಿನ ಮೇಲೆ ಕೂರುತ್ತಿದ್ದೆ. ಅವಳ ಮಾತಿನ ಹಿಂದೆ ಕುರ್ಚಿ ಎಳೆದ ಸದ್ದು, ಯಾರೋ "ಮೇಡಂ, ಚಟ್ನಿ ಬೇಕಾ" ಅನ್ನುವುದು, ಹೊರಗೆ ಹುಡುಗಿಯರ ನಗು. ಆ ಕೋಣೆಯಲ್ಲಿ ಇಲ್ಲದವನು ಇಡೀ ಭೂಮಿಯಲ್ಲಿ ನಾನೊಬ್ಬನೇ ಅನ್ನಿಸುತ್ತಿತ್ತು.

"ನನ್ನೊಳಗೆ ಏನು ನಡೀತಾ ಇದೆ, ಹೇಳು" ಎಂದು ಒಂದು ದಿನ ಬರೆದೆ. ಅದಕ್ಕೆ ಆ ಏಳು ನಿಮಿಷ.

"ಸಿದ್ದು, ಕೇಳು. ನಿನ್ನ ಶ್ವಾಸಕೋಶದಲ್ಲಿ ಕಾವಲಿನ ಕೋಶ ಇರ್ತವೆ. ಮ್ಯಾಕ್ರೊಫೇಜ್ ಅಂತ. ಹೊರಗಿಂದ ಬಂದಿದ್ದನ್ನ ನುಂಗೋದೇ ಕೆಲಸ. ಟಿಬಿ ಬ್ಯಾಕ್ಟೀರಿಯಾನೂ ನುಂಗಿ ಒಂದು ಚೀಲದಲ್ಲಿ ಹಾಕ್ಕೊಳ್ಳುತ್ತೆ. ಆ ಚೀಲ ಹೋಗಿ ಆಸಿಡ್ ಚೀಲಕ್ಕೆ ಸೇರ್ಬೇಕು, ಕಳ್ಳ ಅಲ್ಲಿ ಕರಗೋಗ್ಬೇಕು. ಆದ್ರೆ ಇವನು ಸೇರೋಕೇ ಬಿಡಲ್ಲ. ನುಂಗಿದವನ ಹೊಟ್ಟೇಲೇ ಸಂಸಾರ ಹೂಡ್ತಾನೆ. ಹೊರಗಿನ ಪೊಲೀಸರಿಗೆ ಕಾಣಲ್ಲ, ಯಾಕಂದ್ರೆ ಅವನು ಇರೋದೇ ಪೊಲೀಸ್ ಸ್ಟೇಷನ್ ಒಳಗೆ."

ಇಲ್ಲಿ ಅವಳು ನಕ್ಕಳು. ಸ್ಟೀಲ್ ಡಬ್ಬಿಯ ಮುಚ್ಚಳವೊಂದು ಬಿದ್ದ ಸದ್ದು.

"ಕೋಶಕ್ಕೆ ಇನ್ನೊಂದು ದಾರಿ ಗೊತ್ತು. ಆಟೊಫೇಜಿ. ತನ್ನನ್ನ ತಾನೇ ತಿನ್ನೋದು. ಗಾಬರಿಯಾಗ್ಬೇಡ, ಹಳೇದು, ಮುರಿದದ್ದು, ಅಷ್ಟೇ. ಅದೇ ದಾರೀಲಿ ಕಳ್ಳನ್ನೂ ಹಿಡಿಯುತ್ತೆ. ಮೊದ್ಲು ಒಂದು ಪುಟಾಣಿ ಪ್ರೋಟೀನು 'ಇದು ಕಸ' ಅಂತ ಚೀಟಿ ಅಂಟಿಸುತ್ತೆ. ಆಮೇಲೆ ಒಂದು ಪೊರೆ ಹುಟ್ಟುತ್ತೆ, ಬಿದಿಗೆ ಚಂದ್ರನ ಥರ. ಬೆಳೀತಾ ಬೆಳೀತಾ ಸುತ್ತಿಕೊಂಡು ಬಾಯಿ ಮುಚ್ಚುತ್ತೆ. ಎರಡು ಪದರ, ಒಳಗೆ ಕಳ್ಳ. ಎತ್ಕೊಂಡೋಗಿ ಆಸಿಡ್‌ಗೆ. ಮೈಸೂರಲ್ಲಿ ಎಮ್ಮೆಸ್ಸಿ ಪ್ರಾಜೆಕ್ಟಲ್ಲಿ ನಾನು ಕಣ್ಣಾರೆ ನೋಡಿದೀನಿ ಕಣೋ, ಟಿಬಿಯ ಒಬ್ಬ ಸಾಧು ತಮ್ಮ ಇದಾನೆ, ಕಾಯಿಲೆ ತರದ ಬ್ಯಾಕ್ಟೀರಿಯಾ, ಅವನನ್ನಿಟ್ಕೊಂಡು. ಯಾವಾಗ ಜಾಸ್ತಿ ಆಗುತ್ತೆ ಗೊತ್ತಾ? ಕೋಶಕ್ಕೆ ಹಸಿವಾದಾಗ. ತಟ್ಟೇಲಿರೋ ಕೋಶದ ಊಟ ತೆಗೆದು ಬರೀ ಉಪ್ಪುನೀರಲ್ಲಿ ಇಡ್ತಿದ್ವಿ. ನಾಲ್ಕು ಗಂಟೆ. ಅಷ್ಟಕ್ಕೇ ಒಳಗಿನ ಬ್ಯಾಕ್ಟೀರಿಯಾ ಎಷ್ಟೋ ಕಮ್ಮಿಯಾಗೋದು..."

ಇಲ್ಲಿ ನಿಲ್ಲಿಸಿದೆ. ಅರ್ಥವಾಗಿಬಿಟ್ಟಿತ್ತು.

ಮೆಕ್ಯಾನಿಕ್ಕಿಗೆ ಇದು ಅರ್ಥವಾಗದೆ ಹೋದರೆ ಇನ್ಯಾರಿಗೆ ಆಗಬೇಕು? ಯಾವ ಡಿಪೋಗೆ ಹೋದರೂ ಹಿಂಬದಿಯ ಗೋಡೆ ಪಕ್ಕ ಒಂದೆರಡು ಬಸ್ಸು ನಿಂತಿರುತ್ತವೆ. ಸ್ಟೋರಿನಲ್ಲಿ ಹೊಸ ಸಾಮಾನು ಇರುವವರೆಗೆ ಯಾರೂ ಅತ್ತ ತಿರುಗಿ ನೋಡುವುದಿಲ್ಲ. ಸಾಮಾನು ನಿಂತಿತೋ, ಸ್ಪ್ಯಾನರ್ ಹಿಡಿದು ಅಲ್ಲಿಗೇ ಹೋಗುತ್ತೇವೆ. ಹಳೆಯದನ್ನು ಬಿಚ್ಚುತ್ತೇವೆ, ತೊಳೆಯುತ್ತೇವೆ, ಒಳ್ಳೆಯದನ್ನು ತೆಗೆದು ಕೆಟ್ಟದ್ದನ್ನು ಗುಜರಿಗೆ ಹಾಕುತ್ತೇವೆ. ಒಂದೇ ವಾರದಲ್ಲಿ ಗೋಡೆ ಪಕ್ಕ ಕಸವೇ ಇರುವುದಿಲ್ಲ. ಅಂದರೆ ಸಪ್ಲೈ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಒಳಗಿನವರು ಮೈ ಬಗ್ಗಿಸುವುದಿಲ್ಲ.

ಎರಡು ದಿನ ಕಳೆದು ಸೋಮವಾರ ಬಂತು. ಅವಳೂ ತಿನ್ನುವುದಿಲ್ಲ, ನಾನೂ ತಿನ್ನಲಿಲ್ಲ.

ಹೊಟ್ಟೆ ಸುಡುವಾಗ ಹಿತ್ತಿಲಲ್ಲಿ ಕೂತು, ಈಗ ಇದೇ ಹೊತ್ತಿನಲ್ಲಿ ಅವಳ ಹೊಟ್ಟೆಯೂ ಹೀಗೇ ಸುಡುತ್ತಿದೆ ಎಂದುಕೊಂಡೆ. ನಮ್ಮಿಬ್ಬರ ಮನೆಗಳ ನಡುವೆ ನಲವತ್ತು ಚಿಲ್ಲರೆ ಮೈಲಿ, ಎರಡು ಬಸ್ಸು, ಅವರ ಅಜ್ಜಿ, ನಮ್ಮ ಬೀದಿ. ಹಸಿವು ಮಾತ್ರ ಒಂದೇ. ಅದಕ್ಕೆ ಬಸ್ಸು ಬೇಕಾಗಿರಲಿಲ್ಲ. ಕಣ್ಣು ಮುಚ್ಚಿದರೆ ಎದೆಯೊಳಗೆ ಸಾವಿರ ಬಿದಿಗೆ ಚಂದ್ರಗಳು ಹುಟ್ಟಿ ಬಾಯಿ ಮುಚ್ಚುವುದು ಕಾಣುತ್ತಿತ್ತು.

ಒಂದು ಸೋಮವಾರದಿಂದ ಏನಾಗುತ್ತದೆ? ಗುರುವಾರವನ್ನೂ ಸೇರಿಸಿದೆ. ಆಮೇಲೆ ಬೆಳಗಿನ ತಿಂಡಿ ಬಿಟ್ಟೆ. ಮಾರ್ಚಿನ ಹೊತ್ತಿಗೆ ದಿನಕ್ಕೆ ಒಂದೇ ಹೊತ್ತು, ಅದೂ ಅರ್ಧ. ನನ್ನ ಅವ್ವ ಸುಂದ್ರಮ್ಮ ಬೆಳಿಗ್ಗೆ ಎಂಟಕ್ಕೆ ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗುತ್ತಾಳೆ, ಬರುವುದು ಮೂರಕ್ಕೆ. ಎರಡು ಮುದ್ದೆ, ಬೇಯಿಸಿದ ಎರಡು ಮೊಟ್ಟೆ ಮುಚ್ಚಿಟ್ಟು ಹೋಗುತ್ತಿದ್ದಳು. ನಾನು ಅದನ್ನು ಬೀದಿ ನಾಯಿಗೆ ಹಾಕುತ್ತಿದ್ದೆ. ನಾಯಿ ಮಿರಮಿರ ಮಿಂಚತೊಡಗಿತು.

"ಈ ಮುಂಡೇದು ಯಾಕ್ಲಾ ನಮ್ಮನೆ ಬಾಗ್ಲು ಬುಟ್ಟು ಓಗಕಿಲ್ಲ?" ಎಂದು ಅವ್ವ ಕೇಳಿದಳು.

"ನಿನ್ನ ಮೇಲೆ ಪ್ರೀತಿ ಕಣವ್ವ."

"ನಿಮ್ಮಪ್ಪಂಗೇ ಇರ್ನಿಲ್ಲ, ನಾಯ್ಗೆ ಬಂದ್ಬುಡ್ತಾ?" ಎಂದು ನಕ್ಕಳು.

ಮಾರ್ಚಿನ ಕೊನೆಗೆ ಆಶಾ ಕಾರ್ಯಕರ್ತೆ ಕುಮಾರಿ ತೂಕದ ಯಂತ್ರ ಹಿಡಿದು ಬಂದಳು. ನಮ್ಮ ಬೀದಿಯವಳೇ, ನನಗಿಂತ ಹತ್ತು ವರ್ಷ ದೊಡ್ಡವಳು.

"ನಿಂತ್ಕೊ. ಉಸ್ರು ಬುಡು, ಫೋಟೋ ತಗೀತಿಲ್ಲ." ಯಂತ್ರ ನೋಡಿದಳು. ಇಳಿಸಿ ಮತ್ತೆ ಹತ್ತಿಸಿದಳು. "ಐವತ್ತೆರಡಿತ್ತು ಕಣ್ಲಾ. ನಲ್ವತ್ತಾರೂವರೆ! ಮಾತ್ರೆ ನುಂಗ್ತಿದೀಯೋ, ಹಂಡೆಗಾಕ್ತಿದೀಯೋ?"

"ನುಂಗ್ತಿದೀನಿ. ಬೇಕಾದ್ರೆ ಮೂತ್ರ ನೋಡು, ಮಾತ್ರೆಗೆ ಕಿತ್ತಳೆ ಬಣ್ಣ ಆಗೈತೆ."

"ಥೂ, ಇದೊಂದು ಬಾಕಿ ಇತ್ತು ನಂಗೆ." ಆದರೆ ಅವಳ ಮುಖ ನಗುತ್ತಿರಲಿಲ್ಲ. ಕಫದ ಡಬ್ಬಿ ತೆಗೆದುಕೊಂಡು ಹೋದಳು. ನಾಲ್ಕನೆಯ ದಿನ ಬಂದು ಬಾಗಿಲಲ್ಲೇ ನಿಂತಳು. ಕ್ರಿಮಿ ಇನ್ನೂ ಇದೆ. ಔಷಧಿಗೆ ಬಗ್ಗದ ಟಿಬಿಯೋ ಏನೋ, ಸೋಮವಾರ ಚಾಮರಾಜನಗರದ ಆಸ್ಪತ್ರೆಗೆ ಹೋಗಬೇಕು.

ನಾನು ಶಿವಾನಿಗೆ ಒಂದೇ ಸಾಲು ಬರೆದೆ: "ಸೋಮವಾರ ನಿಮ್ಮೂರಿಗೆ ಬರ್ತಿದೀನಿ, ಆಸ್ಪತ್ರೆಗೆ." ಚಾಮರಾಜನಗರ ಅವಳ ಊರಲ್ಲ. ಆದರೆ ನನಗೆ ಅವಳಿರುವುದೆಲ್ಲ ಅವಳ ಊರೇ ಆಗಿತ್ತು.

ಎಕ್ಸ್‌ರೇ, ರಕ್ತ, ಮತ್ತೆ ಕಫ. ಡಾಕ್ಟರು ಮಧ್ಯಾಹ್ನ ಕರೆದು ಹೇಳಿದರು: ಕ್ರಿಮಿ ಔಷಧಿಗೆ ಬಗ್ಗುವಂಥದ್ದೇ, ನಿನ್ನ ಮೈಯಲ್ಲೇ ಕಸುವಿಲ್ಲ, ಏನು ತಿನ್ನುತ್ತೀಯ? ನಾನು ಎಲ್ಲ ತಿನ್ನುತ್ತೇನೆ ಎಂದೆ. ಜೊತೆಗೆ ಬಂದಿದ್ದ ಅವ್ವ ಕುಡಿಯುವ ನೀರು ತರಲು ಹೋದಳು. ಹೊರಗೆ ಹೊಂಗೆಮರದ ಕೆಳಗಿನ ಕಟ್ಟೆಯ ಮೇಲೆ ಕೂತೆ. ತಲೆ ತಿರುಗುತ್ತಿತ್ತು.

ಗೇಟಿನಿಂದ ಶಿವಾನಿ ಬಂದಳು. ಮೂರು ತಿಂಗಳ ಮೇಲೆ. ಮುಖಕ್ಕೆ ಮಾಸ್ಕು, ಕಣ್ಣಷ್ಟೇ ಕಾಣುತ್ತಿದ್ದವು. ಆ ಕಣ್ಣು ನನ್ನನ್ನು ದಾಟಿ ಮುಂದೆ ಹೋಗಿ, ಆಮೇಲೆ ತಿರುಗಿ ಬಂದವು. ಮೊದಲ ನೋಟಕ್ಕೆ ನನ್ನ ಗುರುತು ಸಿಕ್ಕಿರಲಿಲ್ಲ.

"ಏನೋ ಇದು" ಎಂದಳು. ಒಂದು ಮೊಳ ದೂರದಲ್ಲಿ ಕೂತಳು.

ಅವಳಿಗೆ ಖುಷಿಯಾಗಲಿ ಎಂದು ಹೇಳಿದೆ. "ನಾನೂ ಸೋಮವಾರ ಹಿಡ್ದಿದೀನಿ. ನಿನ್ನ ಜೊತೆ."

ಕಣ್ಣು ಸ್ವಲ್ಪ ನಕ್ಕವು. "ದೇವರ ಮೇಲೆ ಯಾವಾಗ ಬಂತು ನಿಂಗೆ ಭಕ್ತಿ?"

"ದೇವರಲ್ಲ. ಆಟೊಫೇಜಿ." ಗುರುವಾರದ್ದನ್ನು ಹೇಳಿದೆ, ತಿಂಡಿ ಬಿಟ್ಟದ್ದನ್ನು, ಬಿದಿಗೆ ಚಂದ್ರನನ್ನು, ಡಿಪೋದ ಗೋಡೆ ಪಕ್ಕದ ಬಸ್ಸುಗಳನ್ನು. ಚೆನ್ನಾಗಿ ಓದಿದ ಪಾಠವನ್ನು ಒಪ್ಪಿಸುವವನ ಹಾಗೆ ಹೇಳಿದೆ. ನಡುವೆಯೇ ಅವಳ ಕಣ್ಣು ನಗುವುದನ್ನು ನಿಲ್ಲಿಸಿದ್ದವು.

"ನೀನು ಮೆಸೇಜು ಪೂರ್ತಿ ಕೇಳಿಲ್ವಾ?"

"ಅರ್ಧ ಕೇಳ್ದೆ. ಅರ್ಥ ಆಯ್ತಲ್ಲ."

"ಅರ್ಥ ಆಯ್ತಾ!" ಅವಳ ದನಿ ಒಡೆಯಿತು. "ಉಳಿದರ್ಧ ಪೂರ್ತಿ ಹೇಳಿದ್ದೇ ಅದನ್ನ ಕಣೋ. ತಟ್ಟೇಲಿರೋ ಕೋಶ ಬೇರೆ, ಮನುಷ್ಯ ಬೇರೆ ಅಂತ. ನಾಲ್ಕು ಗಂಟೆ ಆದ್ಮೇಲೆ ನಾವು ಅದಕ್ಕೆ ವಾಪಸ್ಸು ಊಟ ಹಾಕ್ತಿದ್ವಿ. ಮೈಯಲ್ಲಿ ಆ ಕಾವಲು ಕೋಶ ಒಂದೇ ಕಾದಾಡಲ್ಲ. ಟಿ ಕೋಶಗಳು ಬಂದು ಏಳು, ತಿನ್ನು ಅಂತ ಅದನ್ನ ಎಬ್ಬಿಸ್ಬೇಕು. ಹೊಟ್ಟೆಗಿಲ್ದೇ ಇರೋ ಮೈಯಲ್ಲಿ ಮೊದ್ಲು ಸಾಯೋದೇ ಅವು. ಎಲ್ಲಾ ಸೇರಿ ಕಳ್ಳನ ಸುತ್ತ ಬೇಲಿ ಕಟ್ಟಿರ್ತಾವೆ, ಆ ಬೇಲಿ ಬಿದ್ದೋಗುತ್ತೆ. ಗೋಡೆ ಪಕ್ಕ ನಿಂತಿರೋ ಬಸ್ಸಲ್ಲ ಸಿದ್ದು, ನೀನು ಓಡ್ತಿರೋ ಬಸ್ಸಿಂದ ಇಂಜಿನ್ ಬಿಚ್ಚಿದೀಯ."

"ಬೇಗ ಆಗ್ಲಿ ಅಂತ" ಎಂದೆ.

"ಏನು ಬೇಗ?"

"ಏಪ್ರಿಲ್‌ಗೆ ನೆಗೆಟಿವ್ ಬಂದ್ರೆ... ನೀನು 'ಆಮೇಲೆ' ಅಂದಿದ್ದೆಯಲ್ಲ."

ಅವಳು ಎರಡೂ ಕೈಯಿಂದ ಕಣ್ಣು ಒತ್ತಿಕೊಂಡಳು.

ಅವ್ವ ಹಿಂದೆ ಬಂದು ನಿಂತಿದ್ದು ನಮಗೆ ಗೊತ್ತಾಗಿರಲಿಲ್ಲ. ಎಷ್ಟು ಕೇಳಿಸಿಕೊಂಡಿದ್ದಳೋ. ನೀರಿನ ಬಾಟಲಿ ಕಟ್ಟೆಯ ಮೇಲಿಟ್ಟಳು.

"ಬೇಕೂಂತ್ಲೇ ಹಸ್ಕೊಂಡಿದ್ಯಾ?" ಎಂದಳು. ಜೋರಾಗಿ ಏನಲ್ಲ. "ನಮ್ಮವ್ವ ಉಪ್ಪುನೀರು ಕುಡ್ಕೊಂಡು ನಾಕ್ ನಾಕ್ ದಿನ ಕಂಡೋರ ಗದ್ದೇಲಿ ಕಳೆ ಕಿತ್ತವ್ಳೆ ಕಣ್ಲಾ. ಅವ್ಳಿಗೆ ಯಾವ ಕಾಯ್ಲೆ ವಾಸಿ ಆಯ್ತು? ನಾಯಿ ಮಿಂಚ್ತಿದ್ದಾಗ್ಲೇ ನಂಗೆ ತಿಳೀಬೇಕಿತ್ತು. ನಮ್ಮೋರು ಹಸ್ದಿದ್ದು ಸಾಲ್ದು ಅಂತ ನೀನು ಓದ್ಬಿಟ್ಟು ಬ್ಯಾರೆ ಹಸೀತಿದ್ಯಾ?"

ಶಿವಾನಿ ಎದ್ದು ನಿಂತಳು. "ತಪ್ಪು ನಂದು ಅವ್ವ. ನಾನು ಹೇಳಿದ ಮಾತಿಂದ ಆಗಿದ್ದು."

"ನೀನ್ಯಾರಮ್ಮಿ?"

"ಶಿವಾನಿ."

"ಓ, ಫೋನಿನೋಳು." ಅವ್ವ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕತ್ತಿನಲ್ಲಿ ಸೆರಗಿನೊಳಕ್ಕೆ ಹೋದ ಲಿಂಗದ ದಾರವನ್ನೂ ನೋಡಿದಳು. ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಮೂರು ಮುದ್ದೆ, ಉಪ್ಸಾರು, ಖಾರ. ಮುಚ್ಚಳದಲ್ಲಿ ಒಂದು ಮುದ್ದೆಯಿಟ್ಟು ನನ್ನ ಮುಂದೆ ತಳ್ಳಿದಳು. ಇನ್ನೊಂದನ್ನು ಡಬ್ಬಿಯ ಇನ್ನೊಂದು ತಟ್ಟೆಯಲ್ಲಿಟ್ಟು ಶಿವಾನಿಯ ಕಡೆ ಹಿಡಿದಳು.

"ಉಣ್ಣಮ್ಮಿ. ನೀನೂ ಸೊರಗಿದ್ದೀಯ."

"ಇವತ್ತು ಸೋಮವಾರ ಅವ್ವ. ನಾನು ಉಣ್ಣಲ್ಲ."

ಅವ್ವನ ಕೈ ಗಾಳಿಯಲ್ಲೇ ನಿಂತಿತು. ನಿಜ, ಅವತ್ತು ಸೋಮವಾರ. ಅವಳ ಹೊಟ್ಟೆ ಖಾಲಿಯಿತ್ತು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು. ಆದರೂ ಆ ಮಾತು ಎಷ್ಟು ಹಳೆಯದು! ಒಬ್ಬರಿಗೆ ಸೋಮವಾರ, ಇನ್ನೊಬ್ಬರಿಗೆ ಹೊಟ್ಟೆನೋವು, ಮತ್ತೊಬ್ಬರಿಗೆ ಈಗ ತಾನೇ ಆಯ್ತು. ಅವ್ವ ಅದನ್ನು ಹುಟ್ಟಿದಾಗಿನಿಂದ ಕೇಳಿದ್ದಾಳೆ. ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನಿಂದ ಮುಚ್ಚಿದಳು.

ನಾನು ಉಂಡೆ. ಎರಡು ತಿಂಗಳಿನಲ್ಲಿ ಮೊದಲ ಸಲ ಪೂರ್ತಿ ಉಂಡೆ. ಶಿವಾನಿ ನಿಂತುಕೊಂಡೇ ಪ್ರತಿ ತುತ್ತನ್ನೂ ನೋಡುತ್ತಿದ್ದಳು. ಹಸಿವು ಇಳಿಯುತ್ತ ಬಂದ ಹಾಗೆ ನನಗೆ ಭಯವಾಯಿತು. ಇಷ್ಟು ದಿನ ಹೊಟ್ಟೆಯ ಉರಿ ಯಾವುದು, ಅವಳು ಬೇಕು ಅನ್ನುವ ಉರಿ ಯಾವುದು ಎಂದು ಬೇರೆ ಮಾಡಿರಲಿಲ್ಲ. ಈಗ ಒಂದು ಆರಿತು. ಇನ್ನೊಂದು ಬರಿಮೈಯಲ್ಲಿ ನಿಂತಿತ್ತು.

ಅವಳು ಹೊರಡುವಾಗ ಅವ್ವನಿಗೆ ಹೇಳಿದಳು, ನನಗಲ್ಲ. "ನಾಳೆ ಸೋಮವಾರ ಅಲ್ಲ. ಒಂದು ಗಂಟೆ ಬಸ್ಸಿಗೆ ಉಮ್ಮತ್ತೂರಿಗೆ ಬರ್ತೀನಿ."

"ಬಾ" ಎಂದಳು ಅವ್ವ. ಅವಳು ಗೇಟು ದಾಟಿದ ಮೇಲೆ ನನ್ನ ಕಡೆ ತಿರುಗಿ, "ಬರಕಿಲ್ಲ ಕಣ. ಮನ್ಸಿಗೆ ಹಚ್ಕೋಬ್ಯಾಡ" ಎಂದಳು.

ಆದರೂ ಮಾರನೆಯ ದಿನ ಅವ್ವ ತೋಟಕ್ಕೆ ಹೋಗಲಿಲ್ಲ. ಮೊಟ್ಟೆ ಬೇಯಿಸುವ ಪಾತ್ರೆಯನ್ನು ಹೊರಗಿಟ್ಟಳು. ಒಲೆ ಸಾರಿಸಿದಳು. ಅಣ್ಣೆಸೊಪ್ಪು ತಂದು ಬಿಡಿಸಿದಳು. ನಾನು ಬೆಳಿಗ್ಗೆ ಎರಡು ಮೊಟ್ಟೆ, ಮೂರು ಇಡ್ಲಿ ತಿಂದಿದ್ದೆ. ಅವ್ವ ಎದುರಿಗೇ ಕೂತು ತಿನ್ನಿಸಿದ್ದಳು. ಹನ್ನೆರಡೂವರೆಗೇ ಬಸ್ ಸ್ಟಾಪಿನಲ್ಲಿ ಮಾಸ್ಕು ಹಾಕಿಕೊಂಡು ನಿಂತೆ. ಒಂದಾಯಿತು. ಒಂದೂ ಕಾಲಾಯಿತು. ಬಸ್ಸಿಲ್ಲ. ಯಾವ ಗಾಡಿಯ ಯಾವ ಪಾರ್ಟು ಹೋಗಿರಬಹುದು ಎಂದು ಯೋಚಿಸುತ್ತಿದ್ದೆ. ಅದಕ್ಕಿಂತ ಬೇರೆ ಏನನ್ನೂ ಯೋಚಿಸಲು ಧೈರ್ಯವಾಗಲಿಲ್ಲ. ಒಂದು ಐವತ್ತಕ್ಕೆ ಬಸ್ಸು ಬಂತು. ಜನ ಇಳಿದರು. ಅವಳು ಇಳಿಯಲಿಲ್ಲ.

ಮೂರನೆಯ ಕಿಟಕಿಯಲ್ಲಿದ್ದಳು.

"ಟೈರ್ ಪಂಕ್ಚರ್ ಆಯ್ತು" ಎಂದಳು. "ಎರಡೂ ಮುಕ್ಕಾಲಿಗೆ ಪ್ರಾಕ್ಟಿಕಲ್ ಇದೆ. ಇದೇ ಬಸ್ಸಲ್ಲಿ ವಾಪಸ್ಸು ಹೋಗ್ಬೇಕು. ಎಷ್ಟೊತ್ತು ನಿಲ್ಲುತ್ತೆ?"

"ಐದು ನಿಮಿಷ."

ಅವಳು ನನ್ನನ್ನು ನೋಡಿದಳು. ಬಾಗಿಲನ್ನು ನೋಡಿದಳು. ಏಳಲಿಲ್ಲ. ಕಂಡಕ್ಟರ್ ದೊರೆಸ್ವಾಮಿ, ನಮ್ಮ ಡಿಪೋದವನೇ, ಹೊಸದಾಗಿ ಹತ್ತಿದವರಿಗೆ ಟಿಕೇಟು ಹರಿಯುತ್ತಿದ್ದ. ಬಸ್ಸು ಅರ್ಧ ತುಂಬಿತ್ತು.

ಹಿಂದೆ ಹೆಜ್ಜೆ ಸದ್ದು. ಅವ್ವ. ಒಂದು ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿಕೊಂಡು, ಬೀದಿಯುದ್ದಕ್ಕೂ ಓಡಿ ಬಂದಿದ್ದಳು. ಏದುಸಿರು ಬಿಡುತ್ತ ನನ್ನ ಪಕ್ಕ ನಿಂತಳು. ತಟ್ಟೆ ಎತ್ತಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಅವಳು ಇನ್ನೊಂದು ಸಲ ಕೈ ಚಾಚುವುದಿಲ್ಲ ಎಂದು ನನಗೆ ಗೊತ್ತಾಯಿತು.

ಶಿವಾನಿ ಬಾಟಲಿ ತೆಗೆದು ಕಿಟಕಿಯಿಂದ ಹೊರಗೆ ಕೈ ತೊಳೆದಳು. ನೀರು ನನ್ನ ಚಪ್ಪಲಿಯ ಮೇಲೆ ಬಿತ್ತು. "ಕೊಡಿ ಅವ್ವ" ಎಂದು ಎರಡೂ ಕೈ ಹೊರಗೆ ಚಾಚಿದಳು.

ತಟ್ಟೆ ಕಂಬಿಗಳ ನಡುವೆ ಹಿಡಿಸಲಿಲ್ಲ. ಅವ್ವ ಅದನ್ನು ಓರೆ ಮಾಡಿದರೆ ಸಾರು ಚೆಲ್ಲುತ್ತದೆ. ಕೊನೆಗೆ ಅವ್ವ ಹೊರಗೆ ತಟ್ಟೆ ಹಿಡಿದು ನಿಂತಳು, ಶಿವಾನಿ ಒಳಗಿನಿಂದ ಕೈ ಹಾಕಿ ಮುದ್ದೆ ಮುರಿದಳು. ಸಾರಿನಲ್ಲಿ ಅದ್ದಿದಳು. ಅಗಿಯದೆ ನುಂಗಿದಳು. ಎರಡನೆಯ ತುತ್ತು. ಬಸ್ಸಿನವರೆಲ್ಲ ಇತ್ತ ತಿರುಗಿದ್ದರು.

"ಮೇಡಂ, ಇದು ಬಸ್ಸು ಕಣಮ್ಮ, ಓಟ್ಲಲ್ಲ" ಎಂದ ದೊರೆಸ್ವಾಮಿ. ಆಮೇಲೆ ನನ್ನನ್ನು ನೋಡಿ ಬಾಯಿಗೆ ಎತ್ತಿದ್ದ ಸೀಟಿ ಇಳಿಸಿದ. "ಸಿದ್ದ! ಏನ್ಲಾ ಹಿಂಗಾಗ್ಬುಟ್ಟೆ, ಕಡ್ಡಿ ಹಂಗೆ? ಉಣ್ಲಿ ಬುಡು, ಉಣ್ಲಿ. ಡ್ರೈವರಣ್ಣ ಬೀಡಿ ಸೇದ್ತಾವ್ನೆ."

ಹಿಂದಿನ ಸೀಟಿನ ಬಿಳಿ ಪಂಚೆಯ ಮುದುಕರೊಬ್ಬರು ಮುಂದಕ್ಕೆ ಬಾಗಿದರು. ಹಣೆಯಲ್ಲಿ ವಿಭೂತಿ. "ಯಾವೂರಮ್ಮ?"

"ಭೀಮನಬೀಡು."

"ಭೀಮನಬೀಡಾ? ಯಾರ್ ಮಗ್ಳು?"

ಶಿವಾನಿ ಬಾಯಲ್ಲಿದ್ದದ್ದನ್ನು ನುಂಗಿದಳು. ಬೇರೆ ಯಾರದಾದರೂ ಹೆಸರು ಹೇಳಬಹುದಿತ್ತು.

"ಚಿಕ್ಕಮಲ್ಲಪ್ಪನವರ ಮಗಳು. ಅರಿಸಿನ ಮಂಡಿ ಚಿಕ್ಕಮಲ್ಲಪ್ಪ" ಎಂದಳು, ಪಾಠ ಮಾಡುವ ದನಿಯಲ್ಲಿ. ನಾಲ್ಕನೆಯ ತುತ್ತು ಮುರಿದಳು.

ಮುದುಕರು ಹಿಂದಕ್ಕೆ ಒರಗಿದರು. ಸಂಜೆಯೊಳಗೆ ಈ ಮಾತು ಗುಂಡ್ಲುಪೇಟೆ ತಲುಪುತ್ತದೆ ಎಂದು ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳಿಗೂ. ಅವಳ ಕಿವಿ ಕೆಂಪಾಗಿತ್ತು. ಡ್ರೈವರು ಹತ್ತಿದ. ಇಂಜಿನ್ ಶುರುವಾಯಿತು.

"ಶಿವಾನಿ" ಎಂದೆ. ಡಿಸೆಂಬರಿನ ಪ್ರಶ್ನೆ ಬಾಯಿಗೆ ಬಂದಿತ್ತು. ಇದು ಅದಕ್ಕೆ ಉತ್ತರವೇ, ಇಲ್ಲ ನಾನು ಉಣ್ಣಲಿ ಎಂದು ಮಾಡಿದ್ದೇ? ಅವಳು ನನ್ನ ಕಡೆ ತಿರುಗಿದಳು. ಏನೋ ಹೇಳಿದಳು. ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಎಂಜಲು ಕೈಯನ್ನು ಹಾಗೇ ಕಿಟಕಿಯ ಹೊರಗೆ ಹಿಡಿದಿದ್ದಳು. ಬಸ್ಸು ತಿರುವು ದಾಟುವವರೆಗೂ ಆ ಕೈ ಕಾಣುತ್ತಿತ್ತು.

ಅವ್ವ ತಟ್ಟೆ ನೋಡಿದಳು. ಮುಕ್ಕಾಲು ಮುದ್ದೆ ಉಳಿದಿತ್ತು.

"ಪೂರ್ತಿ ಉಣ್ಣಕಾಗ್ನಿಲ್ಲ ಮಗೀಗೆ" ಎಂದಳು. ಆಮೇಲೆ, "ಬಾ ಮನ್ಗೆ. ನೀನು ಉಣ್ಣು."

ಮನೆಗೆ ಬಂದು ಕೂತೆ. ಮೊದಲ ಮುದ್ದೆ ಮುಗಿಯುವಾಗ ಬಸ್ಸು ಕುದೇರು ದಾಟಿರಬೇಕು. ಫೋನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ, ಅದು ಸುಮ್ಮನಿತ್ತು. ಅವ್ವ ಕೇಳದೆಯೇ ಇನ್ನೊಂದು ಹಾಕಿದಳು. ನಾನು ಬೇಡ ಅನ್ನಲಿಲ್ಲ.